ಮಾವ ನುಂಗಿದ ರಿಷಭ: ಹಂಪಿಯ ಕಹಳೆಯಿಂದ ಹೊಸಪೇಟೆಯ ಬ್ಯಾಂಡಿನವರೆಗೆ

ಹೋದ ದೀಪಾವಳಿಗೆ ಹೊಸಪೇಟೆಗೆ ಹೋಗಿದ್ದೆ. ಅತ್ತೆ ಸುಣ್ಣ ಹೊಡೆಸಲು ಅಟ್ಟ ಖಾಲಿ ಮಾಡಿಸುತ್ತಿದ್ದರು. ತೂತು ಬಿದ್ದ ಕೊಡ, ಮುರಿದ ತೊಟ್ಟಿಲು, ಹಳೇ ಪಂಚಾಂಗಗಳ ಕಟ್ಟು, ಇವುಗಳ ನಡುವೆ ಒಂದು ರಟ್ಟಿನ ನೋಟ್‌ಬುಕ್ಕು. "ನಿಮ್ಮ ಮಾವಂದಪ್ಪ, ಬ್ಯಾಂಡಿಂದು. ರದ್ದಿಗೆ ಹಾಕ್ಲೇನು?" ಅಂದರು ಅತ್ತೆ. ಅಂಚನ್ನು ಗೆದ್ದಲು ತಿಂದಿತ್ತು. ಸುಮ್ಮನೆ ತೆರೆದು ನೋಡಿದೆ.

ಪ್ರತಿ ಪುಟದಲ್ಲೂ ಎರಡೆರಡು ಸಾಲು. ಮೇಲಿನ ಸಾಲಿನಲ್ಲಿ ಕನ್ನಡದಲ್ಲಿ ಸ ರಿ ಗ ಮ. ಕೆಳಗಿನ ಸಾಲಿನಲ್ಲಿ 0, 1, 2, 12, 23 ಅಂತ ಅಂಕಿಗಳು. ಯಾವ ವಾಲ್ವು ಒತ್ತಬೇಕು ಅನ್ನೋ ಲೆಕ್ಕ ಅದು. ನನಗೆ ವಿಚಿತ್ರ ಅನ್ನಿಸಿದ್ದು ಬೇರೆ. ಕೆಲವು ಹಾಡುಗಳಲ್ಲಿ ರಿ ಬರುವ ಕಡೆಯೆಲ್ಲ ಕೆಳಗೆ ಅಂಕಿಯೇ ಇಲ್ಲ, ಒಂದು ಅಡ್ಡಗೆರೆ ಮಾತ್ರ. ಸ ಇದೆ, ಗ ಇದೆ, ಮ ಇದೆ. ರಿ ಇಲ್ಲ.

ಆ ಅಡ್ಡಗೆರೆಯ ಕಥೆಯೇ ಈ ಬರಹ. ಅದನ್ನು ಹೇಳಲು ಹಂಪಿಗೂ ಮೈಸೂರಿಗೂ ಒಂದು ಸುತ್ತು ಹೋಗಿ ಬರಬೇಕು. ಸ್ವಲ್ಪ ಸಹನೆ ಇರಲಿ :)

* * *

ನಮ್ಮ ಸೋದರಮಾವನಿಗೆ ಸೈಕಲ್ ರಿಪೇರಿ ಅಂಗಡಿ ಇತ್ತು. ಮದುವೆ ಸೀಸನ್ ಬಂತೆಂದರೆ ಅಂಗಡಿಗೆ ಬೀಗ, ಮಾವ ಬ್ಯಾಂಡ್ ಸೆಟ್‌ನಲ್ಲಿ ಯುಫೋನಿಯಂ. ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಎಲ್ಲ ಕಡೆಗೂ ಟೆಂಪೋ ಹತ್ತಿ ಹೋಗುತ್ತಿದ್ದರು. (2021ರಿಂದ ಹೊಸಪೇಟೆ, ಹಂಪಿ ವಿಜಯನಗರ ಜಿಲ್ಲೆಗೆ, ಸಂಡೂರು, ಕಂಪ್ಲಿ ಬಳ್ಳಾರಿ ಜಿಲ್ಲೆಗೆ. ಬ್ಯಾಂಡಿನವರಿಗೆ ಮಾತ್ರ ಈ ಗಡಿ ಯಾವತ್ತೂ ಲೆಕ್ಕಕ್ಕಿಲ್ಲ.)

ಮೆರವಣಿಗೆಯಲ್ಲಿ ಕುಣಿಯುವವರು ನೋಟು ಹಿಡಿದು ಹೋಗುವುದು ಕ್ಲಾರಿನೆಟ್, ಟ್ರಂಪೆಟ್‌ನವರ ಹತ್ತಿರ. ದಪ್ಪ ದನಿಯ ವಾದ್ಯ ಹೊತ್ತವರ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಕೂಲಿಯೂ ಒಂದು ಪಾಲು ಕಡಿಮೆ. ಹಾಡು ನುಡಿಸೋರು ಮುಂದಿನವರು, ಹಿಂದಿನವರು ಬರೀ ಭೋಂ ಭೋಂ ಅನ್ನೋರು ಅನ್ನುವ ಲೆಕ್ಕ.

ಅದರ ಮೇಲೆ ಮಾವನಿಗೆ ಒಂದು ಅಡ್ಡಹೆಸರು ಬೇರೆ, "ಸ್ವರ ನುಂಗೋನು" ಅಂತ. ಕಂಪ್ಲಿಯ ಒಂದು ಮದುವೆಯಲ್ಲಿ ದೇವರನಾಮ ನುಡಿಸುವಾಗ ಅಲ್ಲಲ್ಲಿ ಬಿಟ್ಟು ಬಿಟ್ಟು ಊದಿದರೆಂದು ಮೇಸ್ತ್ರಿ ಎಲ್ಲರೆದುರು ಬೈದು, ಕೂಲಿಯಲ್ಲಿ ಮುರಿದುಕೊಂಡ. ನನಗೆ ಆಗ 13 ವರ್ಷ. ಮಾವ ರಾತ್ರಿ ಮನೆಗೆ ಬಂದಾಗ ನಾನೂ ಹಲ್ಲು ಕಿಸಿದು ಕೇಳಿದೆ, "ಮಾವ, ಇವತ್ತೆಷ್ಟು ಸ್ವರ ನುಂಗಿದ್ರಿ?"

ಮಾವ ಬೈಯಲಿಲ್ಲ. "ನುಂಗೋದಲ್ಲೋ ಅಳಿಯಾ. ಸುಳ್ಳು ಹೇಳೋದಕ್ಕಿಂತ ಸುಮ್ನಿರೋದು ಚಲೋ" ಅಂದು ಕೈಕಾಲು ತೊಳೆಯಲು ಹೋದರು. ಅದು ತಪ್ಪಿಸಿಕೊಳ್ಳುವವರ ಮಾತು ಅಂದುಕೊಂಡಿದ್ದೆ.

* * *

ಈಗ ಹಂಪಿಗೆ ಬನ್ನಿ. ಮಹಾನವಮಿ ದಿಬ್ಬದ ಸುತ್ತ, ಹಜಾರ ರಾಮ ದೇವಸ್ಥಾನದ ಹೊರಗೋಡೆಯ ಮೇಲೆ ಆನೆ, ಕುದುರೆ, ಕಾಲಾಳು, ಕುಣಿಯುವ ಹೆಣ್ಣುಮಕ್ಕಳ ಜೊತೆ ವಾದ್ಯದವರೂ ಸಾಲುಗಟ್ಟಿ ನಡೆಯುತ್ತಾರೆ. 1520ರ ಆಸುಪಾಸಿನಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಮಹಾನವಮಿಯ ವರ್ಣನೆಯಲ್ಲಿ ಕಹಳೆ, ನಗಾರಿಗಳ ಗದ್ದಲವನ್ನು ಬರೆದಿಟ್ಟಿದ್ದಾನೆ. ಆ ಮಹಾನವಮಿಯ ಪದ್ಧತಿಯೇ ಮುಂದೆ 1610ರಲ್ಲಿ ರಾಜ ಒಡೆಯರ ಕಾಲಕ್ಕೆ ಶ್ರೀರಂಗಪಟ್ಟಣದ ದಸರೆಯಾಯಿತು, ಆಮೇಲೆ ಮೈಸೂರಿನದಾಯಿತು.

ಕಹಳೆ, ಕೊಂಬುಗಳಿಗೆ ತೂತೂ ಇಲ್ಲ, ವಾಲ್ವೂ ಇಲ್ಲ. ಒಂದು ಲೋಹದ ಕೊಳವೆ, ಅಷ್ಟೆ. ತುಟಿ ಬಿಗಿ ಮಾಡಿದಂತೆ ಕೊಳವೆ ತಾನಾಗಿ ಒಂದೊಂದೇ ಮೆಟ್ಟಿಲು ಹತ್ತುತ್ತದೆ. ಎಲ್ಲಕ್ಕಿಂತ ಕೆಳಗೆ ಸ, ಅದರ ಮೇಲಿನ ಸ, ಆಮೇಲೆ ಪ, ಮತ್ತೆ ಸ, ಆಮೇಲೆ ಅಂತರ ಗಾಂಧಾರ, ಮತ್ತೆ ಪ. ಪೊಲೀಸ್ ಪೆರೇಡಿನಲ್ಲಿ ಬ್ಯೂಗಲ್ ಕೇಳಿದ್ದೀರಲ್ಲ? ಅದರ ಬಂಡವಾಳವೆಲ್ಲ ಪ ಸ ಗ ಪ, ಈ ನಾಲ್ಕೇ ಮೆಟ್ಟಿಲು. ನಡುವಿನ ರಿ, ಮ, ದ ಆ ಕೊಳವೆಯ ಕೆಳಗಿನ ಮೆಟ್ಟಿಲುಗಳಲ್ಲಿ ಇಲ್ಲವೇ ಇಲ್ಲ.

ಇಲ್ಲಿ ನನಗೆ ರೋಮಾಂಚನ ಅನ್ನಿಸುವ ಸಂಗತಿ ಒಂದಿದೆ. 1550ರಲ್ಲಿ ಅಳಿಯ ರಾಮರಾಯನ ಆಶ್ರಯದಲ್ಲಿ ರಾಮಾಮಾತ್ಯ ಇದೇ ವಿಜಯನಗರದಲ್ಲಿ 'ಸ್ವರಮೇಳಕಲಾನಿಧಿ' ಬರೆದ. ರಾಗಗಳನ್ನು 20 ಮೇಳಗಳಾಗಿ ವಿಂಗಡಿಸಿದ ಗ್ರಂಥ ಅದು. ವೀಣೆಗೆ ಮೆಟ್ಟಿಲು ಕೂರಿಸುವ ಕ್ರಮವನ್ನೂ ಹೇಳುತ್ತದೆ, ಅಚ್ಯುತರಾಯನ ಹೆಸರಿನ ವೀಣೆಯೂ ಅದರಲ್ಲಿ ಬರುತ್ತದೆ. ಆ ಪ್ರಕರಣದಲ್ಲಿ ರಾಮಾಮಾತ್ಯ ಬಳಸುವ ಒಂದು ಮಾತು 'ಸ್ವಯಂಭೂ ಸ್ವರ'. ತಾನೇ ಹುಟ್ಟಿದ ಸ್ವರ, ಮನುಷ್ಯ ಕಲ್ಪಿಸಿದ್ದಲ್ಲ. ಇಂದಿನ ಭೌತಶಾಸ್ತ್ರ ಹೇಳುವ ಉಪಸ್ವರಗಳನ್ನೇ ಇದು ಸೂಚಿಸುತ್ತದೆ ಅಂತ ಹಲವು ವಿದ್ವಾಂಸರು ಅರ್ಥ ಮಾಡಿದ್ದಾರೆ. ತಂಬೂರಿಯ ಮಂದ್ರದ ತಂತಿ ಮೀಟಿದಾಗ ಯಾರೂ ನುಡಿಸದ ಗಾಂಧಾರವೊಂದು ಕೇಳಿಸುತ್ತದಲ್ಲ, ಅದನ್ನು ಸಂಗೀತಗಾರರು ಇವತ್ತಿಗೂ ಸ್ವಯಂಭೂ ಗಾಂಧಾರ ಅನ್ನುತ್ತಾರೆ. ಅದೇ ಗಾಂಧಾರ, ಅದೇ ಮೆಟ್ಟಿಲು ಕಹಳೆಯ ಒಳಗೂ ಇದೆ.

* * *

ಹಾಗಾದರೆ ಕಹಳೆಗೆ ಉಳಿದ ಸ್ವರಗಳು ಬಂದದ್ದು ಹೇಗೆ? ಅದು ಯುರೋಪಿನಲ್ಲಿ ಆದದ್ದು. 1818ರಲ್ಲಿ ಸ್ಟೋಲ್ಜೆಲ್ ಮತ್ತು ಬ್ಲೂಮೆಲ್ ಎಂಬಿಬ್ಬರು ಪ್ರಷ್ಯಾದಲ್ಲಿ ವಾಲ್ವಿಗೆ ಪೇಟೆಂಟ್ ಪಡೆದರು. ವಾಲ್ವು ಒತ್ತಿದರೆ ಗಾಳಿ ಇನ್ನೊಂದು ತುಂಡು ಕೊಳವೆ ಸುತ್ತಿಕೊಂಡು ಬರುತ್ತದೆ, ಕೊಳವೆ ಉದ್ದವಾಗುತ್ತದೆ, ಸ್ವರ ಇಳಿಯುತ್ತದೆ. ಎರಡನೇ ವಾಲ್ವು ಅರ್ಧ ಸ್ವರ, ಒಂದನೆಯದು ಒಂದು ಸ್ವರ, ಮೂರನೆಯದು ಒಂದೂವರೆ ಸ್ವರ ಇಳಿಸುತ್ತದೆ. ಮೂರನ್ನೂ ಸೇರಿಸಿದರೆ ಆರು ಅರ್ಧ ಸ್ವರ. 1835ರಲ್ಲಿ ಬರ್ಲಿನ್‌ನಲ್ಲಿ ವೀಪ್ರೆಕ್ಟ್ ಮತ್ತು ಮೋರಿಟ್ಜ್ ಟ್ಯೂಬಾ ಮಾಡಿದರು. 1843ರ ಸುಮಾರಿಗೆ ಜರ್ಮನಿಯಲ್ಲೇ ಯುಫೋನಿಯಂ ಬಂತು. ಪಲ್ಟನ್ನಿನ ಬ್ಯಾಂಡುಗಳಿಗೆ ಈ ದಪ್ಪ ದನಿಯ ವಾದ್ಯಗಳು ಹೇಳಿ ಮಾಡಿಸಿದಂತಿದ್ದವು. ಹೊತ್ತು ನಡೆಯಬಹುದು, ಬಯಲಿನಲ್ಲೂ ಕೇಳಿಸುತ್ತದೆ.

ಪಲ್ಟನ್ನು ಅಂದರೆ ನಮ್ಮ ಸೀಮೆಗೆ ಹೊಸದಲ್ಲ. 1800ರಲ್ಲಿ ನಿಜಾಮ ಬಳ್ಳಾರಿ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ, ಥಾಮಸ್ ಮನ್ರೋ ಕಲೆಕ್ಟರನಾಗಿ ಬಂದ. ಬಳ್ಳಾರಿ ದೊಡ್ಡ ದಂಡಿನ ಊರಾಯಿತು. ಕಂಟೋನ್ಮೆಂಟ್ ಅನ್ನುವ ಹೆಸರು ಅಲ್ಲಿ ಇನ್ನೂ ಉಳಿದಿದೆ. ಕಾಯಿಲೆ ಬಿದ್ದ ಬಿಳಿ ಸಿಪಾಯಿಗಳು ಸುಧಾರಿಸಿಕೊಳ್ಳಲು ಹೋಗುತ್ತಿದ್ದದ್ದು ಸಂಡೂರು ಸಂಸ್ಥಾನದ ರಾಮನದುರ್ಗದ ಬೆಟ್ಟಕ್ಕೆ. ದಂಡು ಇದ್ದ ಕಡೆ ಬ್ಯಾಂಡೂ ಇರುತ್ತಿತ್ತು. ಮುಂದೆ ಹಿತ್ತಾಳೆಯ ಈ ವಾದ್ಯಗಳು ಮೀರತ್‌ನ ಜಲಿ ಕೋಠಿಯ ಕಾರ್ಖಾನೆಗಳಲ್ಲೇ ತಯಾರಾಗಿ ದೇಶದ ಎಲ್ಲ ಮದುವೆಗಳಿಗೂ ಹರಡಿದವು. ಮಾವನ ಯುಫೋನಿಯಂ ಕೂಡ ಮೀರತ್ತಿನದೇ, ಮೂರು ವಾಲ್ವಿನದು.

* * *

ಶಾಸ್ತ್ರೀಯ ಸಂಗೀತ ಮತ್ತು ಬ್ಯಾಂಡು ಎದುರುಬದುರಾದದ್ದು ನಮ್ಮ ಕಡೆ ಮಾತ್ರ ಅಲ್ಲ. ಮುತ್ತುಸ್ವಾಮಿ ದೀಕ್ಷಿತರು (1775-1835) ಮದರಾಸಿನ ಹತ್ತಿರದ ಮಣಲಿಯಲ್ಲಿದ್ದಾಗ ಕಂಪನಿಯ ಬ್ಯಾಂಡಿನ ಧಾಟಿಗಳನ್ನು ಕೇಳಿ ಅವಕ್ಕೆ ಸಂಸ್ಕೃತ ಸಾಹಿತ್ಯ ಹೊಂದಿಸಿದರು. ಅವೇ ನೊಟ್ಟುಸ್ವರಗಳು. ಗಮಕವಿಲ್ಲದ ಶಂಕರಾಭರಣದ ಸ್ವರಗಳಲ್ಲಿ ಅವು ಸರಾಗವಾಗಿ ಕೂತವು. ಬ್ಯಾಂಡಿನಿಂದ ನಮ್ಮ ಕಡೆಗೆ ಬರುವುದು ಸುಲಭ. ನಮ್ಮಿಂದ ಬ್ಯಾಂಡಿಗೆ ಹೋಗುವುದು ಕಷ್ಟ.

ಆ ಕಷ್ಟದ ಕೆಲಸ ದೊಡ್ಡ ಪ್ರಮಾಣದಲ್ಲಿ ನಡೆದದ್ದು ಮೈಸೂರಿನಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರ ಅರಮನೆಯಲ್ಲಿ ಕರ್ನಾಟಕ ಸಂಗೀತದ ಬ್ಯಾಂಡು, ಇಂಗ್ಲಿಷ್ ಬ್ಯಾಂಡು ಎರಡೂ ಇದ್ದವು. ಇಂಗ್ಲಿಷ್ ಬ್ಯಾಂಡನ್ನು ಜರ್ಮನಿಯ ಆಟೋ ಶ್ಮಿಟ್ ನಡೆಸುತ್ತಿದ್ದ. ವೀಣೆ ವೆಂಕಟಗಿರಿಯಪ್ಪನವರು ವಾದ್ಯಮೇಳಕ್ಕೆಂದೇ 'ನಗ್ಮಾ'ಗಳನ್ನು ರಚಿಸಿದರು. ಆ ಪರಂಪರೆಯೇ ಮುಂದೆ ಪೊಲೀಸ್ ಇಲಾಖೆಗೆ ಬಂದು, ಮೈಸೂರಿನ ಪೊಲೀಸ್ ಬ್ಯಾಂಡುಗಳು ದಸರೆಯಲ್ಲಿ ಅರಮನೆಯ ಎದುರು ನುಡಿಸುತ್ತವೆ. ಮಂಗಳೂರು ಕಡೆಯ ಕದ್ರಿ ಗೋಪಾಲನಾಥರು (1949-2019) ಹುಡುಗರಾಗಿದ್ದಾಗ ಸ್ಯಾಕ್ಸೋಫೋನ್ ಮೊದಲು ಕೇಳಿದ್ದೂ ಮೈಸೂರು ಅರಮನೆಯ ಬ್ಯಾಂಡಿನಲ್ಲೇ. ಆಮೇಲೆ ಆ ವಾದ್ಯದ ಕೀಲಿಗಳನ್ನು ಗಮಕಕ್ಕೆ ಒಗ್ಗುವಂತೆ ತಿದ್ದಿಸಿಕೊಂಡು, 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್‌ವರೆಗೆ ಹೋದದ್ದು ಎಲ್ಲರಿಗೂ ಗೊತ್ತು.

ಆದರೆ ಸ್ಯಾಕ್ಸೋಫೋನಿನಲ್ಲಿ ಸದ್ದು ಹುಟ್ಟಿಸುವುದು ಬೆತ್ತದ ಪಟ್ಟಿ. ಮೈಯೆಲ್ಲ ಹಿತ್ತಾಳೆಯಾದರೂ ಅದು ಕ್ಲಾರಿನೆಟ್ಟಿನ ಬಳಗ. ತುಟಿಯಿಂದ ಊದುವ ದಪ್ಪ ದನಿಯ ವಾದ್ಯಗಳಿಗೆ ರಾಗ ಹೊಂದಿಸಿದವರು ಯಾರು? ಪ್ರತಿ ಊರಿನ ಬ್ಯಾಂಡಿನಲ್ಲೂ ಒಬ್ಬೊಬ್ಬರು. ಅವರ ಹೆಸರು ಯಾವ ಪುಸ್ತಕದಲ್ಲೂ ಬರಲಿಲ್ಲ. ಅವರು ಬರೆದದ್ದು ಇಂಥ ರಟ್ಟಿನ ನೋಟ್‌ಬುಕ್ಕುಗಳಲ್ಲಿ.

* * *

ಮಾವನ ನೋಟ್‌ಬುಕ್ಕು ಓದುತ್ತಾ ಹೋದಂತೆ ಮೂರು ಪಾಠ ಕಲಿತೆ.

ಮೊದಲನೆಯದು, ಯುಫೋನಿಯಂಗೆ ಯಾವ ಸ್ವರ ಕೊಡಬೇಕು ಅನ್ನೋದು. ಹಾಡಿಗೆ ಕೆಳಗಿನಿಂದ ಆಸರೆ ಕೊಡುವ ಪಾಶ್ಚಾತ್ಯ ಪದ್ಧತಿಯಲ್ಲಿ ಮುಖ್ಯವಾದ ಎರಡು ಜೋಡಣೆ ಅಂದರೆ ಸ-ಗ-ಪ ಮತ್ತು ಪ-ನಿ-ರಿ. ಹಂಸಧ್ವನಿಯಲ್ಲಿ ಸ ರಿ ಗ ಪ ನಿ ಇವೆ. ಎರಡೂ ಜೋಡಣೆ ರಾಗದ ಒಳಗಿನ ಸ್ವರಗಳಲ್ಲೇ ಪೂರ್ತಿಯಾಗಿ ಸಿಗುತ್ತವೆ, ಹೊರಗಿನ ಒಂದು ಸ್ವರವೂ ಬೇಕಿಲ್ಲ. ಮಾವ ಹಂಸಧ್ವನಿಯ ಪುಟಗಳಲ್ಲಿ ಎರಡನ್ನೂ ಧಾರಾಳವಾಗಿ ಬಳಸಿದ್ದಾರೆ. ಮೋಹನಕ್ಕೆ ಬಂದರೆ ನಿ ಇಲ್ಲ. ಅಲ್ಲಿ ಸ, ಪ ಮಾತ್ರ ಹಿಡಿದು ನಿಂತಿದ್ದಾರೆ. ಮಾಯಾಮಾಳವಗೌಳಕ್ಕೆ ಬಂದರೆ ಶುದ್ಧ ರಿಷಭ. ಪ-ನಿ-ರಿ ಜೋಡಿಸಿದರೆ ರಿ ಅರ್ಧ ಸ್ವರ ಕೆಳಗೆ ಬಿದ್ದು ಜೋಡಣೆ ಕುಂಟುತ್ತದೆ. ಅಲ್ಲಿ ಆ ಜೋಡಣೆಯನ್ನೇ ಕೈಬಿಟ್ಟಿದ್ದಾರೆ. ಅಂದರೆ ತಂಬೂರಿಯ ಕೆಲಸ ಯುಫೋನಿಯಂಗೆ.

ಎರಡನೆಯದು, ಸ್ವರಗಳ ನಡುವಿನ ಜಾಗ. ಮಂದ್ರಕ್ಕೆ ಇಳಿದಂತೆ ಹತ್ತಿರ ಹತ್ತಿರದ ಎರಡು ಸ್ವರ ಒಟ್ಟಿಗೆ ನುಡಿದರೆ ಕೆಸರು ಕಲಸಿದಂತೆ ಕೇಳಿಸುತ್ತದೆ. ಟ್ಯೂಬಾ ಸ ಹಿಡಿದಾಗ ಯುಫೋನಿಯಂ ಪ ಅಥವಾ ಮೇಲಿನ ಸ, ಗಾಂಧಾರ ಅದಕ್ಕೂ ಮೇಲೆ. ಕಹಳೆಯ ಮೆಟ್ಟಿಲು ನೆನಪಿಸಿಕೊಳ್ಳಿ. ಸ, ಸ, ಪ, ಸ, ಗ. ಕೆಳಗೆ ದೂರ ದೂರ, ಮೇಲೆ ಹತ್ತಿರ ಹತ್ತಿರ. ಸ್ವಯಂಭೂ ಸ್ವರಗಳು ತೋರಿಸಿಕೊಟ್ಟ ಕ್ರಮವೇ ಇದು. ಗಮಕಕ್ಕೂ ಇದೇ ನ್ಯಾಯ. ಮೇಲೆ ಕ್ಲಾರಿನೆಟ್ ಸ್ವರವನ್ನು ಅಲುಗಿಸುವಾಗ ಕೆಳಗಿನವನೂ ಅಲುಗಿಸಿದರೆ ಎರಡೂ ಕೆಡುತ್ತವೆ. ಟ್ರೊಂಬೋನಿಗೆ ಜಾರುವ ಕೊಳವೆ ಇದೆಯಲ್ಲ, ಮೀಂಡ್ ಸುಲಭ ಅನ್ನಬಹುದು. ಅದಕ್ಕೂ ಒಂದೇ ಎಳೆತದಲ್ಲಿ ಸಿಗುವುದು ಆರು ಅರ್ಧ ಸ್ವರ ಮಾತ್ರ. ಪ ದಿಂದ ಶುದ್ಧ ರಿ ವರೆಗೆ ಜಾರಬಹುದು, ಸ ಮುಟ್ಟಲು ಒಂದು ಅರ್ಧ ಸ್ವರ ಸಾಲದು!

ಮೂರನೆಯದೇ ಆ ಅಡ್ಡಗೆರೆ.

* * *

ಯಾವುದೇ ಸಂಗೀತದ ಮನೆಯಲ್ಲಿ ಮಕ್ಕಳು ಮೊದಲು ಹಾಡುವುದು ಮಾಯಾಮಾಳವಗೌಳದ ಸರಳೆ ವರಸೆ. ಆ ಪದ್ಧತಿ ಹಾಕಿಕೊಟ್ಟವರು ಪುರಂದರದಾಸರು ಅಂತ ಪರಂಪರೆ ಹೇಳುತ್ತದೆ. ಅವರ ಹೆಸರಿನ ಮಂಟಪ ಹಂಪಿಯಲ್ಲಿ ವಿಠ್ಠಲ ದೇವಸ್ಥಾನದ ಹತ್ತಿರ ತುಂಗಭದ್ರೆಯ ದಡದಲ್ಲಿದೆ. ರಾಮಾಮಾತ್ಯನ 20 ಮೇಳಗಳಲ್ಲಿ ಮಾಳವಗೌಳವೂ ಒಂದು. ಈಗಿನ 72 ಮೇಳಗಳಲ್ಲಿ ಅದು 15ನೆಯದು. ಅಂತೂ ಇದು ನಮ್ಮ ಮಣ್ಣಿನ ರಾಗ.

ಈ ರಾಗವನ್ನು ಯುಫೋನಿಯಂನ ತೆರೆದ ಸ್ವರದಿಂದ, ಅಂದರೆ ಯಾವ ವಾಲ್ವೂ ಒತ್ತದೆ ಬರುವ ಸ್ವರವನ್ನೇ ಸ ಮಾಡಿಕೊಂಡು ನುಡಿಸಿದರೆ ಬೆರಳಿನ ಲೆಕ್ಕ ಹೀಗೆ: ಸ 0, ರಿ 123, ಗ 12, ಮ 1, ಪ 0, ದ 23, ನಿ 2, ಸ 0. ರಿ ನೋಡಿ. ಮೂರೂ ವಾಲ್ವು ಒಟ್ಟಿಗೆ. ಪ ದಿಂದ ಆರು ಅರ್ಧ ಸ್ವರ ಇಳಿದರೆ ಶುದ್ಧ ರಿಷಭ, ಅದಕ್ಕೆ.

ಗುಟ್ಟು ಇರುವುದು ಇಲ್ಲಿ. ಕೊಳವೆಯ ಉದ್ದ 100 ಅಂಗುಲ ಅಂತಿಟ್ಟುಕೊಳ್ಳಿ. ಅರ್ಧ ಸ್ವರ ಇಳಿಸಲು ಸುಮಾರು 6 ಅಂಗುಲ ಸೇರಿಸಬೇಕು, ಒಂದು ಸ್ವರಕ್ಕೆ 12 ಕಾಲು, ಒಂದೂವರೆಗೆ 19. ಮೂರು ವಾಲ್ವಿನ ತುಂಡುಗಳನ್ನು ಮಾಡಿರುವುದು ಈ ಲೆಕ್ಕದಲ್ಲಿ. ಮೂರನ್ನೂ ಒತ್ತಿದರೆ ಸೇರುವುದು 37 ಕಾಲು. ಆದರೆ ಆರು ಅರ್ಧ ಸ್ವರ ಇಳಿಸಲು ಬೇಕಾದದ್ದು 41 ಅಂಗುಲಕ್ಕೂ ಹೆಚ್ಚು! ಯಾಕೆಂದರೆ ಕೊಳವೆ ಉದ್ದವಾದಷ್ಟೂ ಸೇರಿಸಬೇಕಾದ ತುಂಡೂ ಉದ್ದವಾಗಬೇಕು. ನಾಲ್ಕು ಅಂಗುಲ ಕಡಿಮೆ ಬಿತ್ತು, ರಿಷಭ ಮೇಲಕ್ಕೆ ಹೋಯಿತು, ಹೆಚ್ಚುಕಡಿಮೆ ಅರ್ಧ ಸ್ವರದ ಅರ್ಧದಷ್ಟು. ಶುದ್ಧ ರಿಷಭ ಸ ಗೆ ಒತ್ತಿಕೊಂಡೇ ಇರಬೇಕಾದ ಸ್ವರ. ಹಿಂದೂಸ್ತಾನಿಯ ಭೈರವದಲ್ಲಂತೂ ಇನ್ನೂ ಕೆಳಗೆ ತೂಗಬೇಕು. ಅಲ್ಲಿ ಈ ಏರಿದ ರಿಷಭ ಬಂದರೆ ರಾಗವೇ ಸುಳ್ಳಾಗುತ್ತದೆ.

ಇಂಗ್ಲೆಂಡಿನ ಬ್ಲೇಕ್ಲಿ ಎಂಬಾತ 1874ರಲ್ಲೇ ಇದಕ್ಕೆ ಪರಿಹಾರ ಕಂಡುಹಿಡಿದ. ಕಡಿಮೆ ಬಿದ್ದ ಉದ್ದವನ್ನು ತಾನಾಗಿ ತುಂಬಿಕೊಡುವ ವಾಲ್ವುಗಳು. ಆದರೆ ಅಂಥ ವಾದ್ಯ ದುಬಾರಿ. ಸೈಕಲ್ ಪಂಕ್ಚರ್ ಹಾಕುವವರ ಕೈಗೆ ಎಲ್ಲಿಂದ ಬರಬೇಕು? ತುಟಿ ಸಡಿಲಿಸಿ ಸ್ವರ ಇಳಿಸಬಹುದು ನಿಜ. ಮೇ ತಿಂಗಳ ಬಿಸಿಲಲ್ಲಿ ಜರಿಯ ಕೋಟು ತೊಟ್ಟು ಮೂರು ತಾಸು ನಡೆದ ಮೇಲೆ ತುಟಿ ಮಾತು ಕೇಳುವುದಿಲ್ಲ.

ಅದಕ್ಕೇ ಅಡ್ಡಗೆರೆ. ಕ್ಲಾರಿನೆಟ್ ಸರಿಯಾದ ರಿಷಭ ನುಡಿಸುವಾಗ ಕೆಳಗಿನಿಂದ ತಪ್ಪು ರಿಷಭ ಹಚ್ಚುವ ಬದಲು ಮಾವ ಸುಮ್ಮನಾಗುತ್ತಿದ್ದರು. ನುಂಗಿದ್ದು ಎಷ್ಟು ಸ್ವರ ಅಂತ ಕೇಳಿದ್ದೆನಲ್ಲ, ಉತ್ತರ: ಒಂದೇ. ಬೇರೆ ಯಾವ ಸ್ವರದ ಕೆಳಗೂ ಅಡ್ಡಗೆರೆ ಇಲ್ಲ. ನಾನು ಪ್ರತಿ ಪುಟ ನೋಡಿದೆ.

* * *

ಇಷ್ಟೇ ಆಗಿದ್ದರೆ ಈ ಬರಹ ಬರೆಯುತ್ತಿರಲಿಲ್ಲವೇನೋ. ನೋಟ್‌ಬುಕ್ಕಿನ ಕೊನೆಯಲ್ಲಿ ಕಂಪ್ಲಿಯಲ್ಲಿ ಬೈಸಿಕೊಂಡ ಅದೇ ದೇವರನಾಮ ಇನ್ನೊಮ್ಮೆ ಬರೆದಿದೆ. ಮೇಲೆ "ಎರಡನೇ ಕರಿ" ಅಂತ ಇದೆ. ಹಾರ್ಮೋನಿಯಂನ ಎರಡನೇ ಕರಿಮನೆಯನ್ನು ಸ ಮಾಡಿಕೊಳ್ಳಿ ಅಂತ ಅರ್ಥ. ಆಗ ಬೆರಳಿನ ಲೆಕ್ಕವೇ ಬದಲಾಗುತ್ತದೆ: ಸ 1, ರಿ 2, ಗ 12, ಮ 1, ಪ 0, ದ 12, ನಿ 0, ಸ 1. ಮೂರು ವಾಲ್ವು ಒಟ್ಟಿಗೆ ಒತ್ತುವ ಪ್ರಸಂಗವೇ ಇಲ್ಲ. ರಿಷಭಕ್ಕೆ ಒಂದೇ ವಾಲ್ವು. ಒಂದೇ ಒಂದು ಅಡ್ಡಗೆರೆಯೂ ಇಲ್ಲ!

ಇದಕ್ಕೊಂದು ಬೆಲೆ ಇದೆ. ಎಲ್ಲ ಸ್ವರಗಳೂ ಮೇಲಕ್ಕೆ ಹೋಗುತ್ತವೆ, ತಾರ ಷಡ್ಜ ಹಿಡಿಯುವಾಗ ತುಟಿ ಸೋಲುತ್ತದೆ, ಟ್ರಂಪೆಟ್‌ನವರಿಗಂತೂ ಇನ್ನೂ ಕಷ್ಟ. ಪುಟದ ಅಂಚಿನಲ್ಲಿ ಪೆನ್ಸಿಲಿನಲ್ಲಿ ಮಾವನ ಅಕ್ಷರ: "ಮೇಸ್ತ್ರಿ ಬ್ಯಾಡ ಅಂದ್ರು."

ರಾಮಾಮಾತ್ಯ ವೀಣೆಯ ಮೆಟ್ಟಿಲು ಎಲ್ಲಿ ಕೂರಬೇಕು ಅಂತ ಯೋಚಿಸಿದ ನೆಲದಿಂದ ಕೆಲವೇ ಮೈಲಿ ದೂರದಲ್ಲಿ, ಸೈಕಲ್ ಅಂಗಡಿಯಲ್ಲಿ ಕೂತು, ಯಾವ ಪುಸ್ತಕವನ್ನೂ ಓದದೆ ನಮ್ಮ ಮಾವ ಅದೇ ಪ್ರಶ್ನೆಯನ್ನು ಇನ್ನೊಂದು ವಾದ್ಯದ ಮೇಲೆ ಬಿಡಿಸಿದ್ದರು. ಅದಕ್ಕೆ ಸಿಕ್ಕ ಬಿರುದು ಸ್ವರ ನುಂಗೋನು.

ಮಾವ ಈಗಿಲ್ಲ. ಸಂಕ್ರಾಂತಿಗೆ ಮತ್ತೆ ಹೋದಾಗ ಈಗಿನ ಬ್ಯಾಂಡೊಂದರಲ್ಲಿ ಯುಫೋನಿಯಂ ಊದುವ ಹುಡುಗನನ್ನು ಮನೆಗೆ ಕರೆದು ಆ ಕೊನೆಯ ಪುಟ ತೋರಿಸಿದೆ. ಅವನು ಅಂಕಿಗಳನ್ನು ನೋಡಿಕೊಂಡು ನಿಧಾನವಾಗಿ ಊದಿದ. ಎರಡನೇ ವಾಲ್ವು ಒತ್ತಿದಾಗ ರಿಷಭ ಸ ಗೆ ಒರಗಿಕೊಂಡು ಬಂತು. ಅತ್ತೆ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತು ಕೇಳಿದರು. "ಇದನ್ನ ರಾತ್ರಿ ಒಬ್ರೇ ಕೂತು ನುಡಿಸ್ತಿದ್ರು" ಅಂದರು.

ನೋಟ್‌ಬುಕ್ಕಿನ ಎಲ್ಲ ಪುಟಗಳ ಫೋಟೋ ತೆಗೆದಿಟ್ಟಿದ್ದೇನೆ. ನಿಮ್ಮ ಮನೆಯ ಅಟ್ಟದಲ್ಲೂ ಸ್ವರದ ಕೆಳಗೆ ಅಂಕಿ ಬರೆದ ಇಂಥ ಪುಸ್ತಕ ಇದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಅಡ್ಡಗೆರೆಗಳಿದ್ದರೆ ಅವು ಯಾವ ಸ್ವರದ ಕೆಳಗಿವೆ ಅಂತ ಮೊದಲು ನೋಡಿ.